ಜೋ ಕ್ಯಾಮಿಲ್, ಬ್ಯಾಂಡ್ ಮಾಸ್ತರ

ಇಂಟರ್‌ನ್ಯಾಷನಲ್ ಸಿಟಿ, ದುಬೈ
ಶನಿವಾರ, 14 ಸೆಪ್ಟೆಂಬರ್ 2013

ಸಿದ್ದೀಖಕ್ಕಾ,

ಕೊಡುತ್ತೇವೆಂದದ್ದು: ಸಂಪಾದಕನ ಕೆಲಸ. ಸಂಪಾದಕನೆಂದೇ ಬರೆದ ವೀಸಾ. ವರ್ಷ ತುಂಬಿದ ಮೇಲೆ ಹೆಂಡತಿ ಲೂರ್ದ್, ಮಗಳು ಬ್ರೆಂಡಾ ಇಬ್ಬರನ್ನೂ ಕರೆಸಿಕೊಳ್ಳುವ ಅನುಕೂಲ. ಅಚ್ಚಾದ ಪುಸ್ತಕದಲ್ಲಿ ನನ್ನ ಹೆಸರು.

ಕೊಟ್ಟದ್ದು: ಸಂಪಾದಕನ ಕೆಲಸ.

ವೀಸಾದಲ್ಲಿ ನಾನು ಸಾಮಾನು ಇಳಿಸುವ ಕೂಲಿ. ಕೂಲಿ ಎನ್ನಿಸಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕೂಲಿಯವರ ಮೆರವಣಿಗೆಯಲ್ಲೇ ನಾವಿಬ್ಬರೂ ಘೋಷಣೆ ಕೂಗಲು ಕಲಿತದ್ದು. ಆದರೆ ಈ ದೇಶದ ಕಾಗದದಲ್ಲಿ ಕೂಲಿಗೆ ಹೆಂಡತಿಯಿಲ್ಲ, ಮಗುವಿಲ್ಲ. ಆ ಶಬ್ದ ಮೈಮೇಲೆ ಬಿದ್ದವನು ಸಂಸಾರ ಕರೆಸುವ ಹಾಗಿಲ್ಲ. ಬ್ರೆಂಡಾ ಹುಟ್ಟಿದಾಗ ಎತ್ತಿಕೊಂಡದ್ದಷ್ಟೇ, ಈಗ ಅವಳು ಫೋನಿನಲ್ಲಿ ನನ್ನ ಹತ್ತಿರ ಮಾತಾಡಲು ನಾಚುತ್ತಾಳೆ.

ನೀನು ಕೇಳುತ್ತೀ, ಎಂತ ಕೆಲಸ ಮಾರಾಯಾ ನಿಂದು ಎಂದು. ಹೊರಗಿನ ಬೋರ್ಡಿನಲ್ಲಿ ಸ್ಟೇಷನರಿ ವ್ಯಾಪಾರ. ಒಳಗೆ ಆರು ಮಂದಿ ಕೂತು ಅಮೆರಿಕ ಬರೆಯುತ್ತೇವೆ. ಅಮೆರಿಕದ ಜನಪ್ರಿಯ ಸಂಸ್ಕೃತಿಯ ವಿಶ್ವಕೋಶ, ಎಂಟು ಸಂಪುಟ, ಶಾಲೆಗಳ ಲೈಬ್ರರಿಗೆಂದು. ಅಲ್ಲಿಯ ಪ್ರಕಾಶಕ ಕೆಲಸವನ್ನು ಇಲ್ಲಿಗೆ ಗುತ್ತಿಗೆ ಕೊಟ್ಟಿದ್ದಾನೆ. ನಾಲ್ಕೈದು ಹಳೇ ಪುಸ್ತಕ ಎದುರಿಗಿಟ್ಟುಕೊಂಡು, ಒಂದು ವಾಕ್ಯವೂ ಅದರ ಹಾಗೆ ಕಾಣದಂತೆ ಹೊಸದಾಗಿ ಬರೆಯಬೇಕು. ಡ್ರೈವ್-ಇನ್ ಸಿನೆಮಾ ನಾನು ಬರೆದೆ. ಚ್ಯೂಯಿಂಗ್ ಗಮ್ ನಾನು ಬರೆದೆ. ಹೂಲಾ ಹೂಪ್, ಜೂಕ್‌ಬಾಕ್ಸ್, ಚಕ್ರದ ಬೂಟು ಹಾಕಿ ಕುಣಿಯುವ ಅಂಗಳ, ಎಲ್ಲ ನಾನೇ. ಕಾರಿನಲ್ಲಿ ಕೂತು ಸಿನೆಮಾ ನೋಡುವುದು ಹೇಗಿರುತ್ತದೆಂದು ಬರೆದವನು ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಬಂದವನು.

ಒಂದೇ ದಾರಿ ಉಳಿದಿದೆ. ಪುಸ್ತಕದ ಮೊದಲಿಗೆ ಬರೆದವರ ಹೆಸರು ಹಾಕುತ್ತಾರೆ. ಅದನ್ನು ಹಿಡಿದುಕೊಂಡು ಲೇಬರ್ ಆಫೀಸಿಗೆ ಹೋಗುತ್ತೇನೆ. ನೋಡಿ, ಇದು ನನ್ನ ಕೆಲಸ, ಇದನ್ನೇ ವೀಸಾದಲ್ಲಿ ಬರೆಯಿರಿ ಎನ್ನುತ್ತೇನೆ. ನಮಗೆ ಇಲ್ಲಿ ಅಚ್ಚಾದ ಪ್ರತಿ ತೋರಿಸುವುದಿಲ್ಲ. ನಿಮ್ಮ ಶಾಲೆಯ ಲೈಬ್ರರಿ ತರಿಸುತ್ತಿದೆಯೆಂದು ಕೇಳಿದೆ. ಬಂದ ದಿನವೇ ಹೆಸರು ನೋಡಿ ಬರೆ.

ಫೋನ್ ಮಾಡಬೇಡ. ರೂಮಿನಲ್ಲಿ ಮ್ಯಾನೇಜರನ ಕಿವಿಯೊಂದು ಮಲಗಿರುತ್ತದೆ. ಅಬುಧಾಬಿಗೂ ಇಲ್ಲಿಗೂ ಜನರನ್ನು ಸಾಗಿಸುವ ಬಾಡಿಗೆ ಕಾರು ಓಡಿಸುವ ಮೋನುವಿನ ಕೈಯಲ್ಲಿ ಕಾಗದ ಕೊಡು.

ಕರಪತ್ರವೆಂದರೆ ಕೊಡುತ್ತೇವೆಂದದ್ದರಿಂದ ಶುರುವಾಗಬೇಕು, ಮುಂದಿನ ಸಭೆಯ ದಿನ, ಗಂಟೆಯಲ್ಲಿ ಮುಗಿಯಬೇಕು ಎಂದು ಹೊನ್ನಾವರದ ಕಾಲೇಜಿನಲ್ಲಿ ನೀನೇ ಕಲಿಸಿದ್ದು. ಶುರು ಮಾಡಿದ್ದೇನೆ. ಮುಗಿಸಲು ಇಲ್ಲಿ ಸಭೆಯೇ ಇಲ್ಲ. ಸಂಘ ಕಟ್ಟಿದವನಿಗೆ ಊರಿಗೆ ನೇರ ವಿಮಾನ.

ಕ್ಯಾಮಿಲಸ್

*

ಟೂರಿಸ್ಟ್ ಕ್ಲಬ್ ಏರಿಯಾ, ಅಬುಧಾಬಿ
ಶುಕ್ರವಾರ, 20 ಸೆಪ್ಟೆಂಬರ್ 2013

ಕ್ಯಾಮಿಲ್,

ನಿನ್ನ ಕಾಗದಕ್ಕೆ ಮೋನುವಿನ ಡ್ಯಾಶ್‌ಬೋರ್ಡಿನ ಬಿಸಿ ಹತ್ತಿತ್ತು. ಒಳಗಿನದು ಅದಕ್ಕಿಂತ ಬಿಸಿ.

ನನ್ನನ್ನು ಭಾರೀ ಲೈಬ್ರೇರಿಯನ್ ಎಂದುಕೊಳ್ಳಬೇಡ. ಪುಸ್ತಕದ ಬೆನ್ನಿಗೆ ನಂಬರಿನ ಚೀಟಿ ಅಂಟಿಸುವವಳು ನಾನು. ಇರುವುದು ಗಂಡ ಉಬೈದರ ವೀಸಾದಲ್ಲಿ. ನಾನು ಶಾಲೆಯ ನೌಕರಿಯಲ್ಲಿದ್ದೇನೆಂದು ಮಗಳು ದುಆಗೆ ಅಲ್ಲಿ ಸೀಟು ಸಿಕ್ಕಿದೆ, ಅಷ್ಟೇ ನನ್ನ ಸಾಮ್ರಾಜ್ಯ. ಆರನೇ ಕ್ಲಾಸಿನ ಹುಡುಗಿ, ನಾನು ನಮ್ಮ ಭಟ್ಕಳದ ನವಾಯತಿಯಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಾರಿ ಹೇಳುತ್ತಾಳೆ. ಬೈಗುಳದ ರುಚಿಯೇ ಹೋಗಿದೆ.

ನಿನ್ನ ಕಾಗದವನ್ನು ಉಬೈದ್‌ಗೆ ಓದಿ ಹೇಳಿದೆ. "ಅವನಿಗೆ ಹೇಳು, ಇದು ಹೊನ್ನಾವರ ಬಸ್ ಸ್ಟ್ಯಾಂಡ್ ಅಲ್ಲ" ಅಂದರು. ಅವರು ಹೇಳಿದ್ದನ್ನು ಬರೆದಿದ್ದೇನೆ, ನನ್ನ ಮಾತೆಂದು ತಿಳಿಯಬೇಡ. ಆದರೂ ಸ್ವಲ್ಪ ಸಮಾಧಾನದಿಂದಿರು. ನಾಲ್ಕು ಜನ ಒಟ್ಟಿಗೆ ನಿಂತು ಮಾತಾಡುವುದನ್ನೂ ಅಲ್ಲಿ ಯಾರೋ ನೋಡುತ್ತಿರುತ್ತಾರೆ.

ಪುಸ್ತಕ ತರಿಸುತ್ತಿರುವುದು ಹೌದು. ಪೆಟ್ಟಿಗೆ ಬಿಚ್ಚುವುದು ನನ್ನದೇ ಕೆಲಸ. ನಿನ್ನ ಹೆಸರನ್ನು ಮೊದಲು ನೋಡುವವಳು ನಾನು. ಹೆಸರಿಲ್ಲದಿದ್ದರೆ ಇಡೀ ಟೂರಿಸ್ಟ್ ಕ್ಲಬ್‌ಗೆ ಕೇಳುವ ಹಾಗೆ ಕೂಗುತ್ತೇನೆ, ಸಾಕಲ್ಲ?

ಸಿದ್ದೀಖಾ

*

ಇಂಟರ್‌ನ್ಯಾಷನಲ್ ಸಿಟಿ
ಶುಕ್ರವಾರ, 11 ಅಕ್ಟೋಬರ್ 2013

ಸಿದ್ದೀಖಕ್ಕಾ,

ನಗುವ ಸುದ್ದಿಯೊಂದಿದೆ, ಕೇಳು.

ಈ ಕೋಶಗಳ ದಂಧೆಯಲ್ಲಿ ಒಂದು ಪದ್ಧತಿ ಉಂಟಂತೆ. ಸಾವಿರ ನಿಜದ ನಡುವೆ ಒಂದು ಸುಳ್ಳು ನೆಡುತ್ತಾರೆ. ಲೋಕದಲ್ಲೇ ಇಲ್ಲದ ಒಬ್ಬ ಮನುಷ್ಯನ ಬಗ್ಗೆ ಒಂದು ಬರಹ. ಬೇರೆ ಯಾರಾದರೂ ಕದ್ದು ಅಚ್ಚು ಹಾಕಿದರೆ ಆ ಸುಳ್ಳೂ ಜೊತೆಗೆ ಹೋಗಿ ಕಳ್ಳ ಸಿಕ್ಕಿಬೀಳುತ್ತಾನೆ. ಅದಕ್ಕೆ ಬಲೆ ಎನ್ನುತ್ತಾರೆ. ನಾವು ದಿನವಿಡೀ ಮಾಡುವುದು ಹಳೇ ಪುಸ್ತಕದ ಕಳ್ಳತನ. ಕಳ್ಳರೇ ಬಲೆ ಹೆಣೆಯುವುದು ನೋಡು.

ಮೂರನೇ ಸಂಪುಟದ ಬಲೆಯನ್ನು ಮ್ಯಾನೇಜರ್ ಶಾಮಸುಂದರ ನನಗೆ ಕೊಟ್ಟ. ಮೈಸೂರಿನವ, ಮಾತು ಮೆತ್ತಗೆ. "ಯಾರಾದ್ರೂ ಒಬ್ಬ ಸಣ್ಣ ಊರಿನ ಮನುಷ್ಯನ್ನ ಹುಟ್ಟಿಸಪ್ಪ, ಯಾರೂ ಹುಡುಕ್ಕೊಂಡು ಹೋಗಬಾರ್ದು" ಅಂದ.

ನಾನು ಅಪ್ಪನನ್ನು ಹುಟ್ಟಿಸಿದೆ.

ನೀನು ಅಪ್ಪನ ಕತೆ ಕೇಳಿದ್ದೀ. ನಮ್ಮೂರು ಮಂಕಿಯ ಇಗರ್ಜಿಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ಜುವಾಕಿಂ. ಹಂಚಿನ ಕಾರ್ಖಾನೆಯಲ್ಲಿ ಒಬ್ಬ ಆಳು ಹಂಚು ಸುಡುವ ಗೂಡಿಗೆ ಬಿದ್ದು ಸತ್ತ ದಿನ ಧಣಿ ಬೆಂಕಿ ಆರಿಸಲಿಲ್ಲ, ಒಂದು ಗಂಟೆಯೂ ಕೆಲಸ ನಿಲ್ಲಿಸಲಿಲ್ಲ. ಮುಂದೊಂದು ವರ್ಷ ಧಣಿ ಸತ್ತ. ಶವಪೆಟ್ಟಿಗೆ ಬೀದಿಗೆ ಬಂದಾಗ, ಶೋಕದ ಹಾಡು ಊದಬೇಕಿದ್ದ ಅಪ್ಪ ಮದುವೆಯ ಹಾಡು ಊದಿದ. ಬ್ಯಾಂಡಿನ ಉಳಿದವರು ಅಭ್ಯಾಸಬಲದಿಂದ ಹಿಂದೆಯೇ ಎತ್ತಿಕೊಂಡರು. ಧಣಿಯ ಹೆಣ ಮದುಮಗನ ಹಾಗೆ ಇಗರ್ಜಿಗೆ ಹೋಯಿತು. ಅಪ್ಪನ ಕೈಯಿಂದ ಕ್ಲಾರಿನೆಟ್ ಕಿತ್ತುಕೊಂಡರು. ಸಾಯುವವರೆಗೂ ಅವನು ಮತ್ತೆ ಊದಲಿಲ್ಲ.

ಈಗ ಅವನು ಓಹಾಯೋದ ಒಂದು ಊರಿನಲ್ಲಿದ್ದಾನೆ. ಆ ಊರೂ ನಾನು ಮಾಡಿದ್ದೇ. ಹೆಸರು ಜೋ ಕ್ಯಾಮಿಲ್, ಬ್ಯಾಂಡ್ ಮಾಸ್ತರ. ಧಣಿ ಇಟ್ಟಿಗೆ ಕಾರ್ಖಾನೆಯವನು. ಒಂದು ಮಾತ್ರ ಬದಲಿಸಿದೆ. ಅಲ್ಲಿಯ ಜನ ಅಪ್ಪನ ಕೈಯಿಂದ ಕ್ಲಾರಿನೆಟ್ ಕಿತ್ತುಕೊಳ್ಳುವುದಿಲ್ಲ. ಅವನ ನೆನಪಿಗೆ ವರ್ಷಕ್ಕೊಮ್ಮೆ ಊರೆಲ್ಲ ಬೀದಿಗಿಳಿದು ಮದುವೆಯ ಹಾಡು ಊದುತ್ತಾರೆ. ಅಮೆರಿಕದಲ್ಲಾದರೂ ಅವನಿಗೆ ಮರ್ಯಾದೆ ಸಿಗಲಿ.

ಶಾಮಸುಂದರ ಓದಿ, "ಪಾಪ, ಒಳ್ಳೇ ಮನುಷ್ಯ ಕಣಯ್ಯ" ಎಂದ. ಹೌದು ಸಾರ್ ಎಂದೆ.

ಮೂರನೆಯದನ್ನೂ ಸೇರಿಸಿ ಮೊದಲ ಕಂತು ಹಡಗು ಹತ್ತಿದೆ. ಕಾಯುತ್ತಿದ್ದೇನೆ.

ಕ್ಯಾಮಿಲ್

*

ಅಬುಧಾಬಿ
ಶುಕ್ರವಾರ, 29 ನವೆಂಬರ್ 2013

ಕ್ಯಾಮಿಲ್,

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನ ಅಪ್ಪನ ಕತೆಯನ್ನು ಮತ್ತೆ ಮತ್ತೆ ಓದಿದೆ. ಇಲ್ಲಿ ರಾಷ್ಟ್ರೀಯ ದಿನದ ತಯಾರಿ, ಶಾಲೆಯ ಗೋಡೆಯೆಲ್ಲ ಬಾವುಟ. ಉಬೈದ್ ಮೀನು ಮಾರ್ಕೆಟ್ಟಿನಿಂದ ಒಳ್ಳೆ ಇಸ್ವಾಣ ತಂದಿದ್ದರು. ಭಟ್ಕಳದ ಅಮ್ಮನ ಮಸಾಲೆ ಮುಗಿದುಹೋಗಿ ಅಂಗಡಿಯ ಪುಡಿಯಲ್ಲೇ ಮಾಡಿದೆ, ಯಾರೂ ಹೊಗಳಲಿಲ್ಲ. ದುಆಗೆ ಕನ್ನಡಕ ಬಂದಿದೆ. ಅದನ್ನು ಹಾಕಿಕೊಂಡು ನಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರ ಹಾಗೆ ನೋಡುತ್ತಾಳೆ.

ಲೂರ್ದ್ ಅಂಗನವಾಡಿಗೆ ಹೋಗುತ್ತಿದ್ದಾಳೆ ತಾನೇ? ಒಳ್ಳೆ ಕೆಲಸ ಅದು. ಊರಿನ ಮಕ್ಕಳಿಗೆ ಅವಳೆಂದರೆ ಪ್ರಾಣ ಎಂದು ನೀನೇ ಹೇಳುತ್ತಿದ್ದೆ. ಇಲ್ಲಿಗೆ ಬರುವ ಅವಸರವೇನೂ ಇಲ್ಲ ಎಂದು ಅವಳಿಗೆ ಹೇಳು. ಇಲ್ಲಿ ಎಂತ ಉಂಟು, ಬರೇ ಏಸಿ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಮತ್ತೆ ಬರೆಯುತ್ತೇನೆ.

ಸಿದ್ದೀಖಾ

*

ಇಂಟರ್‌ನ್ಯಾಷನಲ್ ಸಿಟಿ
ಶನಿವಾರ, 14 ಡಿಸೆಂಬರ್ 2013

ಸಿದ್ದೀಖಕ್ಕಾ,

ನೀನು ಕಳ್ಳಿ. ಕಂಡುಹಿಡಿದಿದ್ದೇನೆ.

ಪುಸ್ತಕಗಳು ನವೆಂಬರಿನಲ್ಲೇ ಅಬುಧಾಬಿಗೆ ಮುಟ್ಟಿವೆ ಎಂದು ಶಾಮಸುಂದರನ ಬಾಯಿಂದಲೇ ಕೇಳಿದೆ. ನಿನ್ನ ಕಾಗದದಲ್ಲಿ ಮೀನಿದೆ, ಕನ್ನಡಕವಿದೆ, ಪುಸ್ತಕದ ಸುದ್ದಿಯೇ ಇಲ್ಲ. ಒಂದು ದಿನವಿಡೀ ತಲೆ ಕೆಟ್ಟಿತ್ತು. ಆಮೇಲೆ ಹೊಳೆಯಿತು. ಹೆಸರಿಲ್ಲದಿದ್ದರೆ ನೀನು ಕೂಗುವವಳು. ಪ್ರಿನ್ಸಿಪಾಲರ ಮೇಜಿನ ಮೇಲೆ ಹತ್ತಿ ಕೂತವಳು ನೀನು, ಬಚ್ಚಿಡುವುದು ನಿನ್ನ ರಕ್ತದಲ್ಲೇ ಇಲ್ಲ. ನೀನು ಕೂಗಿಲ್ಲ. ಹಾಗಾದರೆ ಹೆಸರಿದೆ. ಪುಸ್ತಕವನ್ನೇ ತಂದು ಕೈಯಲ್ಲಿಟ್ಟು ನನ್ನ ಮುಖ ನೋಡಬೇಕೆಂದು ಇಟ್ಟುಕೊಂಡಿದ್ದೀ.

ಲೂರ್ದ್‌ಗೆ ಅವತ್ತೇ ಫೋನ್ ಮಾಡಿದೆ. ಅಂಗನವಾಡಿಗೆ ರಾಜೀನಾಮೆ ಕೊಟ್ಟಳು. ವರ್ಷದ ನಡುವೆ ಬಿಟ್ಟರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ, ಇನ್ನೊಮ್ಮೆ ಯೋಚಿಸು ಎಂದು ಮೇಲ್ವಿಚಾರಕಿ ಹೇಳಿದರಂತೆ. ಗಂಡ ಇರುವಲ್ಲಿ ನಾನು ಇರಬೇಕು, ಯೋಚಿಸಲು ಎಂತ ಇದೆ ಎಂದಳಂತೆ ಇವಳು. ಬ್ರೆಂಡಾಳನ್ನು ಶಾಲೆಯಿಂದ ಬಿಡಿಸಿ ವರ್ಗಾವಣೆ ಪತ್ರ ತೆಗೆಸಿದ್ದಾಳೆ. ಪಾಸ್‌ಪೋರ್ಟಿನ ಫೋಟೋಕ್ಕೆ ಮಗು ಹಲ್ಲು ಬಿಟ್ಟು ನಕ್ಕು, ಎರಡು ಸಲ ತೆಗೆಯಬೇಕಾಯಿತಂತೆ.

ಅಪ್ಪನ ಬ್ಯಾಂಡಿನ ಫೋಟೋ ಒಂದನ್ನು ಮೋನುವಿನ ಕೈಯಲ್ಲಿ ಕಳಿಸಿದ್ದೇನೆ. ಟೊಪ್ಪಿ ಓರೆ ಇಟ್ಟವನೇ ಅವನು. ಪುಸ್ತಕದ ಪುಟದ ಪಕ್ಕ ಇಟ್ಟು ನೋಡು. ಹಬ್ಬ ಮುಗಿಯಲಿ, ನಾನೇ ಬಂದು ಎರಡನ್ನೂ ಒಯ್ಯುತ್ತೇನೆ.

ಕ್ಯಾಮಿಲ್

*

ಅಬುಧಾಬಿ
ಶುಕ್ರವಾರ, 17 ಜನವರಿ 2014

ಕ್ಯಾಮಿಲ್,

ಹೆಸರಿಲ್ಲ.

ಪೆಟ್ಟಿಗೆ ಬಿಚ್ಚಿದ್ದು ನಾನೇ. ಬರೆದವರ ಪುಟವಿದೆ, ಅದರ ತುಂಬ ಅಮೆರಿಕದ ಹೆಸರುಗಳು, ಒಂದೊಂದರ ಮುಂದೆ ಒಂದೊಂದು ಕಾಲೇಜು. ನಿನ್ನ ಚ್ಯೂಯಿಂಗ್ ಗಮ್ಮಿನ ಕೆಳಗೆ ಯಾವನೋ ಹ್ಯಾಡ್ಲಿ. ನಿನ್ನ ಅಪ್ಪನ ಕೆಳಗೂ ಅವನೇ. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಆ ಕಾಲೇಜಿನಲ್ಲಿ ಆ ಹೆಸರಿನವನೇ ಇಲ್ಲ. ಬರೆದವನೂ ಸುಳ್ಳು, ಬರಹದಲ್ಲಿದ್ದವನೂ ಸುಳ್ಳು, ನಡುವೆ ಇದ್ದ ಒಂದು ನಿಜ ನೀನು, ನಿನ್ನನ್ನೇ ತೆಗೆದಿದ್ದಾರೆ.

ಕೂಗುತ್ತೇನೆಂದಿದ್ದೆ. ಬಾಯಿ ಬರಲಿಲ್ಲ. ನಿನಗೆ ಬರೆಯಲೆಂದು ಕೂತಾಗಲೆಲ್ಲ ಬ್ರೆಂಡಾ ಕಣ್ಣೆದುರು ಬಂದಳು. ಇನ್ನೊಂದು ವಾರ, ಇನ್ನೊಂದು ವಾರ ಎಂದು ದೂಡಿದೆ. ನೀನು ಅದನ್ನು ಹಾಗೆ ಓದುತ್ತೀ ಎಂದು ಎಣಿಸಿರಲಿಲ್ಲ. ಲೂರ್ದ್ ಕೆಲಸ ಬಿಟ್ಟದ್ದನ್ನು ನಿನ್ನ ಕಾಗದದಲ್ಲಿ ಓದಿ ಅಡುಗೆಮನೆಯಲ್ಲಿ ಹಾಗೇ ಕೂತೆ. ಆಮೇಲೂ ತಿಂಗಳು ಕಳೆದೆ. ಬೈಯಬೇಕಾದ್ದನ್ನು ಬೈ, ನಿನ್ನ ಭಾಷೆಯಲ್ಲೇ ಬೈ.

ಮುಗಿಯಲಿಲ್ಲ, ಇನ್ನೂ ಕೇಳು. ಈ ವಾರ ದುಆಳ ಕ್ಲಾಸಿನಲ್ಲಿ 'ಅಮೆರಿಕದ ಮರೆತ ನಾಯಕ' ಎಂದು ಪ್ರಾಜೆಕ್ಟ್ ಕೊಟ್ಟಿದ್ದರು. ನನಗೆ ಹೇಳದೆ ಲೈಬ್ರರಿಯಿಂದ ಮೂರನೇ ಸಂಪುಟ ತಂದಿದ್ದಾಳೆ. ಅವಳ ಕ್ಲಾಸಿಗೆ ಹೋಗಿ ನೋಡುತ್ತೇನೆ, ನನ್ನ ಮಗಳು ರಟ್ಟಿನ ಕ್ಲಾರಿನೆಟ್ ಹಿಡಿದು ನಿಂತಿದ್ದಾಳೆ, ಹಿಂದಿನ ಚಾರ್ಟಿನಲ್ಲಿ ಜೋ ಕ್ಯಾಮಿಲ್.

ಮನೆಗೆ ಬಂದ ಮೇಲೆ ಅವಳಿಗೆ ಎಲ್ಲ ಹೇಳಿದೆ. ಇವನು ಅಮೆರಿಕದವನಲ್ಲ, ಮಂಕಿಯವನು, ಇವನ ಮಗ ಇಂಟರ್‌ನ್ಯಾಷನಲ್ ಸಿಟಿಯಲ್ಲಿದ್ದಾನೆ, ಇದನ್ನು ಬರೆದವನು ಅವನೇ. ನಿನ್ನ ಅಪ್ಪನ ಫೋಟೋ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಪುಸ್ತಕ ಬಿಚ್ಚಿ ಬರೆದವರ ಪುಟವನ್ನು ಬೆರಳಿಟ್ಟು ಓದಿದಳು.

"ದೆನ್ ವೇರ್ ಇಸ್ ಹಿಸ್ ನೇಮ್, ಮಮ್ಮಾ?"

ಪುಸ್ತಕ ಮುಚ್ಚಿಟ್ಟೆ, ಕ್ಯಾಮಿಲ್. ಅವಳ ಪ್ರಾಜೆಕ್ಟಿಗೆ ಮೊದಲ ಬಹುಮಾನ ಬಂತು.

ಸಿದ್ದೀಖಾ

*

ಇಂಟರ್‌ನ್ಯಾಷನಲ್ ಸಿಟಿ
ಶನಿವಾರ, 1 ಫೆಬ್ರವರಿ 2014

ಸಿದ್ದೀಖಕ್ಕಾ,

ಬೈಯುವುದಿಲ್ಲ. ಬೈಗುಳ ಬೇರೆ ಕಡೆ ಬೇಕಿತ್ತು, ಅಲ್ಲಿ ಖರ್ಚು ಮಾಡಿದೆ.

ನಿನ್ನ ಕಾಗದ ಓದಿ ನೇರ ಶಾಮಸುಂದರನ ಕೋಣೆಗೆ ಹೋದೆ. ಸಿಟ್ಟು ಮಾಡಲಿಲ್ಲ ಅವನು, ಚಹಾ ತರಿಸಿದ. "ನೋಡಪ್ಪ, ಕ್ಯಾಮಿಲಸ್, ಮಂಕಿ ಪೋಸ್ಟ್ ಅಂತ ಹಾಕಿದ್ರೆ ಅಮೆರಿಕದ ಪುಸ್ತಕವನ್ನ ಯಾವ ಶಾಲೆ ಕೊಳ್ಳುತ್ತೆ ಹೇಳು. ಬರೆಯೋನು ಬೇರೆ, ಹೆಸರು ಬೇರೆ. ಎರಡೂ ಒಂದೇ ಕಡೆ ಇರ್ಬೇಕು ಅಂತ ಯಾರು ಹೇಳಿದ್ರು ನಿಂಗೆ?"

ನೀವೇ ಹೇಳಿದಿರಿ, ಮಂಗಳೂರಿನ ಇಂಟರ್‌ವ್ಯೂನಲ್ಲಿ ಎಂದೆ. ಅದು ಮಂಗಳೂರು ಎಂದ.

ಲೇಬರ್ ಆಫೀಸಿನ ಕೌಂಟರಿಗೂ ಹೋದೆ. ನಮ್ಮ ಪಕ್ಕದ ಸ್ಕೂಲಿನಿಂದ ಮೂರನೇ ಸಂಪುಟ ಒಂದು ದಿನಕ್ಕೆ ಬೇಡಿ ಒಯ್ದಿದ್ದೆ. ಕೌಂಟರಿನವನು ವೀಸಾ ನೋಡಿದ, ಪುಸ್ತಕ ನೋಡಿದ, ನನ್ನ ಕೈ ನೋಡಿದ. ಹೆಸರೆಲ್ಲಿ ಎಂದು ಕೇಳಿದ. ಅಪ್ಪನ ಪುಟ ಬಿಚ್ಚಿ, ಇವನು ನನ್ನ ಅಪ್ಪ, ಇದನ್ನು ನಾನಲ್ಲದೆ ಇನ್ಯಾರು ಬರೆಯಲು ಸಾಧ್ಯ ಎಂದೆ. ದುಭಾಷಿ ಅದನ್ನು ಅರಬ್ಬಿಗೆ ತಿರುಗಿಸುವಷ್ಟರಲ್ಲಿ ಅವನಿಗೇ ನಗು ಬಂತು. ಕೌಂಟರಿನವನು ಪುಸ್ತಕ ಮುಚ್ಚಿ ನನ್ನ ಕಡೆ ದೂಡಿದ. "ಇವನು ಅಮೆರಿಕಾನಿ. ನೀನು ಹಿಂದಿ. ಖಲಾಸ್." ಅವರ ಅರಬ್ಬಿಯಲ್ಲಿ ಹಿಂದಿ ಎಂದರೆ ಇಂಡಿಯಾದವನು.

ನನ್ನ ಅಪ್ಪನನ್ನು ನಾನೇ ನನ್ನ ಕೈಯಿಂದ ತಪ್ಪಿಸಿದ್ದೇನೆ. ಮಂಕಿಯವನೆಂದು ಬರೆದಿದ್ದರೆ ಯಾರೂ ಅಚ್ಚು ಹಾಕುತ್ತಿರಲಿಲ್ಲ. ಅಮೆರಿಕದವನೆಂದು ಬರೆದದ್ದಕ್ಕೆ ಅವನು ಇನ್ನು ನನ್ನವನಲ್ಲ.

ರೂಮಿಗೆ ಬಂದು ಎಲ್ಲರನ್ನೂ ಕೂರಿಸಿ ಮಾತಾಡಿದೆ. ಗುರುವಾರ ಬೆಳಿಗ್ಗೆ ಆರು ಮಂದಿಯೂ ಕುರ್ಚಿಯಲ್ಲಿ ಕೂರದೆ ನಿಂತೇ ಇರುವುದು, ಹೆಸರು ಕೊಡುವವರೆಗೆ ನಾಲ್ಕನೇ ಸಂಪುಟ ಮುಟ್ಟದಿರುವುದು ಎಂದು ಮಾತಾಯಿತು. ಗುರುವಾರ ನಿಂತದ್ದು ನಾನು, ಮತ್ತು ಚಿತ್ರದುರ್ಗದಿಂದ ಬಂದ ಪ್ರೂಫ್ ನೋಡುವ ಮುದುಕ ವೆಂಕಟರಾಮಯ್ಯ. ನಾಲ್ವರು ತಲೆ ತಗ್ಗಿಸಿ ಟೈಪು ಮಾಡಿದರು. ಅವರಿಗೂ ಮಕ್ಕಳಿದ್ದಾರೆ. ಅದು ಗೊತ್ತಿದ್ದೂ ಕ್ಷಮಿಸಲಾರೆ. ಮುದುಕನನ್ನು ಯಾಕೆ ನಿಂತೆ ಎಂದು ಶಾಮಸುಂದರ ಕೇಳಿದ. "ಮಂಡಿ ನೋವು ಸ್ವಾಮಿ, ಕೂರಾಕೆ ಆಗವಲ್ದು. ಹಂಗಂತ ಬರ್ಕಳಿ" ಎಂದರು ವೆಂಕಟರಾಮಯ್ಯ. ಈ ದೇಶಕ್ಕೆ ಬಂದ ಮೇಲೆ ಮನಸ್ಸು ಬಿಚ್ಚಿ ನಕ್ಕದ್ದು ಅದೊಂದೇ ಸಲ. ಸಂಜೆಯೊಳಗೆ ನನ್ನ ವೀಸಾ ರದ್ದಾಗಿತ್ತು.

ಮಂಗಳವಾರ ಕಳಿಸುತ್ತಾರೆ. ಪಾಸ್‌ಪೋರ್ಟನ್ನು ಏರ್‌ಪೋರ್ಟಿನಲ್ಲಿ ಕೊಡುತ್ತಾರಂತೆ. ಮತ್ತೆ ಬರುವ ಹಾಗಿಲ್ಲ. ಲೂರ್ದ್ ಇದ್ದ ಜಾಗದಲ್ಲಿ ಈಗ ಬೇರೊಬ್ಬಳು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಾಳೆ. ಅಪ್ಪ ಬರುತ್ತಾನಂತೆ, ನಾವು ಹೋಗುವುದಲ್ಲವಾ ಎಂದು ಬ್ರೆಂಡಾ ಕೇಳಿದಳಂತೆ. ಅವಳ ಚೀಲ ಇನ್ನೂ ಬಾಗಿಲ ಹತ್ತಿರವೇ ಇದೆಯಂತೆ.

ನಿನ್ನಲ್ಲಿ ಒಂದೇ ಒಂದು ಕೇಳಿಕೆ. ಅಪ್ಪನನ್ನು ಆ ಪುಸ್ತಕದಿಂದ ತೆಗೆಸು. ಹೇಗೆಂದು ನನಗೆ ಗೊತ್ತಿಲ್ಲ. ನನ್ನ ಹೆಸರು ಅವರಿಗೆ ಬೇಡವೆಂದ ಮೇಲೆ ಅವನ ಉಸಿರೂ ಬೇಡ.

ಕ್ಯಾಮಿಲಸ್

*

ಟೂರಿಸ್ಟ್ ಕ್ಲಬ್ ಏರಿಯಾ, ಅಬುಧಾಬಿ
ಶುಕ್ರವಾರ, 21 ಫೆಬ್ರವರಿ 2014

ಕ್ಯಾಮಿಲ್,

ಈ ಕಾಗದ ಉಬೈದ್‌ರ ಅಣ್ಣನ ಸೂಟ್‌ಕೇಸಿನಲ್ಲಿ ಭಟ್ಕಳಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಮಂಕಿಗೆ ಬರುತ್ತದೆ. ನಿನ್ನ ಕೈ ಸೇರುವಷ್ಟರಲ್ಲಿ ಇದರಲ್ಲಿರುವುದು ಆಗಿಹೋಗಿರುತ್ತದೆ.

ಏರ್‌ಪೋರ್ಟಿಗೆ ಬಂದಿದ್ದೆ. ಹೊರಗೇ ನಿಲ್ಲಿಸಿದರು. ನಿನ್ನನ್ನು ಯಾವ ಬಾಗಿಲಿನಿಂದ ಒಯ್ದರೋ ತಿಳಿಯಲಿಲ್ಲ.

ನೀನು ಕೇಳಿದ್ದಕ್ಕೆ ಕೈ ಹಾಕಿದ್ದೇನೆ. ಜೋ ಕ್ಯಾಮಿಲ್ ಎಂಬವನು ಇಲ್ಲ ಎಂದು ಪ್ರಕಾಶಕರಿಗೆ ಬರೆದೆ. ಮೂರೇ ಸಾಲಿನ ಉತ್ತರ ಬಂತು. ತಪ್ಪು ತೋರಿಸಿದ್ದಕ್ಕೆ ಧನ್ಯವಾದ, ಶಾಲೆಯ ಲೈಬ್ರರಿ ಸಮಿತಿ ಅಧಿಕೃತವಾಗಿ ಬರೆದರೆ ಮುಂದಿನ ಮುದ್ರಣದಲ್ಲಿ ಕೈಬಿಡುತ್ತೇವೆ. ಆ ಸಮಿತಿ ಸೇರುವುದು ಈ ಬುಧವಾರ. ಅಲ್ಲಿ ಇರುವ ವಿಷಯ ಒಂದೇ, ಚಿಕ್ಕ ಮಕ್ಕಳ ವಿಭಾಗಕ್ಕೂ ಇದೇ ಕೋಶದ ಇನ್ನೊಂದು ಸೆಟ್ ತರಿಸುವುದು. ಕಾರಣ, ನನ್ನ ಮಗಳ ಬಹುಮಾನ.

ನಾನು ಎದ್ದು ಮಾತಾಡಿದರೆ ಏನಾಗುತ್ತದೆಂದು ಯೋಚಿಸಿ ನೋಡಿದೆ. ನಂಬಿದರೆ ನಿನ್ನ ಅಪ್ಪನನ್ನು ಅಳಿಸುತ್ತಾರೆ. ನಿನ್ನ ಡ್ರೈವ್-ಇನ್, ನಿನ್ನ ಜೂಕ್‌ಬಾಕ್ಸ್ ಎಲ್ಲ ಹ್ಯಾಡ್ಲಿಯ ಹೆಸರಿನಲ್ಲಿ ಉಳಿಯುತ್ತವೆ. ನೀನು ಬರೆದೆ ಎನ್ನಲು ಇದ್ದ ಒಂದೇ ಗುರುತು ಅವನು, ಅದೂ ಹೋಗುತ್ತದೆ. ನಂಬದಿದ್ದರೆ ಅವನು ಓಹಾಯೋದಲ್ಲೇ ಇರುತ್ತಾನೆ, ವರ್ಷವರ್ಷ ಯಾವುದಾದರೊಂದು ಮಗು ರಟ್ಟಿನ ಕ್ಲಾರಿನೆಟ್ ಮಾಡುತ್ತದೆ. ಗೆದ್ದರೂ ನಾವು ಸೋತವರೇ. ಕಾಲೇಜಿನಲ್ಲಿ ಇಂಥ ಹೋರಾಟದ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ.

"ನೌಕರಿ ಹೋದ್ರೆ ದುಆಗೆ ಆ ಶಾಲೆ ಇಲ್ಲ, ತಿಳ್ಕೋ" ಎಂದರು ಉಬೈದ್. ಕೂಗಿ ಹೇಳಲಿಲ್ಲ. ಊಟದ ತಟ್ಟೆ ಎತ್ತಿಡುತ್ತ ಹೇಳಿದರು. ಅವರು ಹೇಳಿದ್ದು ಸುಳ್ಳಲ್ಲ.

ದುಆ ನಿನ್ನ ಅಪ್ಪನ ಫೋಟೋವನ್ನು ತನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದಾಳೆ. ನಿನ್ನೆ ನನ್ನ ಹತ್ತಿರ ಬಂದು, ಬುಧವಾರ ನಾನೂ ಬರಲಾ ಎಂದಳು. ಬೇಡ, ನಿನ್ನ ಬಹುಮಾನ ಹೋಗುತ್ತದೆ ಎಂದೆ. "ದೇ ವೋಂಟ್ ಬಿಲೀವ್ ಯು, ಮಮ್ಮಾ" ಎಂದಳು. ಬುದ್ಧಿವಂತೆ. ನಮಗಿಂತ ಬೇಗ ಕಲಿತಿದ್ದಾಳೆ.

ನಂಬುವುದಿಲ್ಲ, ಗೊತ್ತಿದೆ. ನನ್ನ ಕೈಯಲ್ಲಿ ಓರೆ ಟೊಪ್ಪಿಯ ಒಂದು ಫೋಟೋ, ಹಿಂದುಗಡೆ ಮಂಕಿಯ ಸ್ಟುಡಿಯೋದ ಮಾಸಿದ ಮೊಹರು, ಇಷ್ಟೇ. ಎದುರಿಗೆ ಚಿನ್ನದ ಅಕ್ಷರದ ಸಂಪುಟಗಳ ಸಾಲು. ಆದರೂ ನಿನ್ನ ಅಪ್ಪ ಆ ಬೀದಿಯಲ್ಲಿ ಊದಿದ್ದು ಯಾರಾದರೂ ನಂಬಲಿ ಎಂದಲ್ಲ. ನವೆಂಬರಿನಲ್ಲಿ ಕೂಗಬೇಕಾದ್ದು ನನ್ನಲ್ಲಿ ಬಾಕಿ ಇದೆ. ಹೋಗುತ್ತೇನೆ.

ಕರಪತ್ರದಂತೆ ಶುರುವಾದ ನಿನ್ನ ಮೊದಲ ಕಾಗದಕ್ಕೆ ಕೊನೆಯ ಸಾಲು ಇರಲಿಲ್ಲ. ಬರೆಯುತ್ತಿದ್ದೇನೆ.

ಮುಂದಿನ ಸಭೆ: ಬುಧವಾರ, 26 ಫೆಬ್ರವರಿ 2014, ಮಧ್ಯಾಹ್ನ ಒಂದೂವರೆ ಗಂಟೆಗೆ.